ಒಮ್ಮೆ ಸೋಸಿದ ನೀರು

ನನ್ನ ಕಾಯಿಲೆ ಭರಕ್ಕೆ ಬಂದ ವರ್ಷ ಊರವರು ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು.

ಬಸದಿಯ ಮುಂದೆ ಪೆಂಡಾಲು ಹಾಕಿದ್ದರು. ‘ಆದರ್ಶ ಶ್ರಾವಿಕೆ’ ಎಂದು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಶ್ರಾವಿಕೆ ಎಂದರೆ ವ್ರತ ನಿಯಮ ಬಿಡದೆ ಸಂಸಾರ ಮಾಡುವ ಜೈನ ಹೆಣ್ಣುಮಗಳು. ಮಹಿಳಾ ಮಂಡಳದ ಅಧ್ಯಕ್ಷೆ ನನ್ನ ಎರಡೂ ಕೈ ಹಿಡಿದು ಜನರ ಕಡೆ ತಿರುಗಿಸಿದಳು.

“ನಮ್ಮ ಸುನಂದಕ್ಕನ ಕೈ ನೋಡ್ರಿ. ನೀರು ಸೋಸಿ ಸೋಸಿ ಹಿಂಗ ಆಗ್ಯಾವ. ಧರ್ಮ ಅಂದ್ರ ಬರೇ ಬಾಯಾಗ ಅಲ್ಲ, ಕೈಯಾಗ ಕಾಣಬೇಕು.”

ಚಪ್ಪಾಳೆ ಬಿತ್ತು. ನನ್ನ ಕೈಗಳ ತೊಗಲು ಸುಲಿದು ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು. ಉಪ್ಪು ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿ. ಶಾಲಿನೊಳಗೆ ಕೈ ಮುಚ್ಚಿಕೊಂಡು ನಿಂತವಳು ನಾನು ಕೆಳಗಿನ ಜಮಖಾನವನ್ನೇ ನೋಡುತ್ತಿದ್ದೆ. ಅದನ್ನು ಹಾಸುವ ಮುಂಚೆ ಯಾರಾದರೂ ನೆಲ ನೋಡಿದ್ದರೋ ಇಲ್ಲವೋ, ಅದರ ಕೆಳಗೆ ಎಷ್ಟು ಇರುವೆ ಸಿಕ್ಕಿದ್ದವೋ, ನನ್ನ ಸನ್ಮಾನಕ್ಕಾಗಿ ಎಷ್ಟು ಜೀವ ಹೋದವೋ ಎಂಬುದೇ ಚಿಂತೆ. ವೇದಿಕೆಯಿಂದ ಇಳಿಯಲಾಗದೆ ಅಳುತ್ತ ನಿಂತೆ. ಜನ ಅದನ್ನು ಆನಂದಬಾಷ್ಪ ಅಂದುಕೊಂಡರು.

ಜ್ವರ ಬಂದರೆ ಮೈ ಮುಟ್ಟಿ ನೋಡುತ್ತಾರೆ. ನನ್ನ ಕಾಯಿಲೆ ದೇವರ ಮನೆಯಿಂದಲೇ ಎದ್ದು ಬಂದಿದ್ದರಿಂದ ಅದಕ್ಕೆ ಕೈಮುಗಿದರು. ಇಂಥದ್ದೇ ಏನಾದರೂ ಯಾರದಾದರೂ ಮನೆಯಲ್ಲಿ ನಡೆದಿದ್ದರೆ, ಓದುವಾಗ ಅವರಿಗೆ ತಾವೊಬ್ಬರೇ ಅಲ್ಲ ಅನಿಸಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ತೆಲಸಂಗದಲ್ಲಿ, ನಮ್ಮ ಆಯಿಯ ಸೆರಗು ಹಿಡಿದು. ಆಯಿ ಅಂದರೆ ಅಜ್ಜಿ, ನನ್ನ ಅಪ್ಪನ ತಾಯಿ. ನನ್ನ ಮಾತೆಲ್ಲ ಆಕೆಯದೇ. “ನೀರ ಸೋಸಿ ಕುಡಿ, ಮಾತ ಸೋಸಿ ಆಡು” ಅನ್ನುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೊಡದ ಬಾಯಿಗೆ ದಪ್ಪ ಅರಿವೆ ಕಟ್ಟಿ ನೀರು ಸುರಿಯುವಳು. ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು ಅದನ್ನು ತಿರುಗಿಸಿ, ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಬಿಡುವಳು. ಕೈ ಒಂದು ಕಡೆ ಈ ಕೆಲಸ ಮಾಡುತ್ತಿದ್ದರೆ ಬಾಯಿ ಇನ್ನೊಂದು ಕಡೆ ನೆರೆಮನೆಯವರ ಸುದ್ದಿ ಹೇಳುತ್ತಿತ್ತು. ಆಕೆಗೆ ಅದು ಉಸಿರಾಡಿದಷ್ಟು ಸಲೀಸು.

ಮದುವೆಯಾಗಿ ಕಾಗವಾಡದ ಕಡೆ ಬಂದೆ. ಕಬ್ಬು, ದ್ರಾಕ್ಷಿ ಇರುವ ಮನೆ. ಇಲ್ಲಿ ಬಾವಿ ಇಲ್ಲ. ಹೊಳೆಯ ನೀರು ನಳಕ್ಕೆ ಬರುತ್ತದೆ. ಬಹಳ ವರ್ಷ ನಾನೂ ಆಯಿಯ ಹಾಗೆಯೇ ಸೋಸಿದೆ, ಅರಿವೆ ಜಾಲಿಸಿದ ನೀರನ್ನು ಹಿತ್ತಲಿನ ತಂಪಿನಲ್ಲಿ ಬಿಟ್ಟೆ, ಮರೆತೆ. ಮರೆಯುವುದೂ ಒಂದು ವರ ಎಂದು ಆಗ ಗೊತ್ತಿರಲಿಲ್ಲ.

ಮಗಳು ತ್ರಿಶಲಾಳ ಮದುವೆಯಾಗಿ ಆಕೆ ನಿಪ್ಪಾಣಿಗೆ ಹೋದ ವರ್ಷ, ಚಾತುರ್ಮಾಸಕ್ಕೆ ವಯಸ್ಸಾದ ಮುನಿ ಮಹಾರಾಜರೊಬ್ಬರು ಊರಿಗೆ ಬಂದರು. ನಮ್ಮ ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅವರಿಗಾಗಿ ಮಡಿಯಲ್ಲಿ ಅಡುಗೆ ಮಾಡಿಟ್ಟು ಬಾಗಿಲಲ್ಲಿ ಕಾಯುವುದಕ್ಕೆ ಚೌಕಾ ಹಾಕುವುದು ಎನ್ನುತ್ತೇವೆ. ಬೊಗಸೆಯಲ್ಲಿ ಕೂದಲೋ ಸತ್ತ ಹುಳವೋ ಕಂಡರೆ ಅಂತರಾಯವಾಯಿತು ಎಂದು ಅರ್ಥ. ಅವರು ಅಷ್ಟಕ್ಕೇ ನಿಲ್ಲಿಸಿ ಹೊರಟುಬಿಡುತ್ತಾರೆ, ಮರುದಿನದವರೆಗೆ ನೀರು ಸಹ ಮುಟ್ಟುವುದಿಲ್ಲ.

ಅಂದು ಮಹಾರಾಜರು ನಮ್ಮ ಬಾಗಿಲಿಗೆ ಬಂದು ನಿಂತರು. ನಾನು ಕಲಶ ಹಿಡಿದು, ಪದ್ಧತಿಯಂತೆ, “ಆಹಾರ ಜಲ ಶುದ್ಧ” ಎಂದು ಹೇಳಿ ಒಳಗೆ ಕರೆದೆ. ಎರಡನೆಯ ತುತ್ತಿಗೆ ಅವರ ಬೊಗಸೆಯಲ್ಲಿ ಒಂದು ಕರಿ ಇರುವೆ. ಸತ್ತಿತ್ತು. ಅವರು ಬೊಗಸೆ ಬಿಟ್ಟರು, ಕೈ ತೊಳೆದರು, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿ ನಗುಮುಖದಿಂದಲೇ ಹೊರಟುಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಅತ್ತೆಯವರು, “ಆಗತೈತಿ ಬಿಡವಾ, ಯಾರ ಮನ್ಯಾಗ ಆಗಿಲ್ಲ ಹೇಳು” ಅಂದರು.

ಆದರೆ ‘ಜಲ ಶುದ್ಧ’ ಎಂದು ಅಂದಿದ್ದು ನನ್ನ ಬಾಯಿ. ಆ ಇರುವೆ ನೀರಿನಿಂದ ಬಂತೋ, ಬೆಲ್ಲದಿಂದ ಬಂತೋ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ನನ್ನೊಳಗೆ ಬೇರು ಬಿಟ್ಟಿತು. ಮರುದಿನ ನೀರನ್ನು ಎರಡು ಸಲ ಸೋಸಿದೆ. ಆಮೇಲೆ ಸೋಸುವ ಅರಿವೆಯನ್ನೇ ಅನುಮಾನಿಸಿದೆ. ಅರಿವೆ ಹಿಂಡುವ ಕೈಯನ್ನು ಅನುಮಾನಿಸಿದೆ. ಹಿತ್ತಲಿನಲ್ಲಿ ಬಿಟ್ಟ ನೀರಿನ ಜೀವಗಳು ಬಿಸಿಲಿಗೆ ಸಾಯುತ್ತವೆ ಅನಿಸತೊಡಗಿತು. ನಳದ ನೀರು ಕೃಷ್ಣೆಯದು, ಹಾಗಾದರೆ ಆ ಜೀವಗಳು ಕೃಷ್ಣೆಗೇ ಹೋಗಬೇಕಲ್ಲವೇ?

ನಮ್ಮ ಮನೆಯವರು ಒಂದು ಮಾತೂ ಆಡದೆ ತಂಬಿಗೆಗೆ ಮುಚ್ಚಳ ಕಟ್ಟಿ ಮೋಟಾರ್ ಸೈಕಲ್ಲಿಗೆ ಸಿಗಿಸಿಕೊಂಡು ಹೊಳೆಗೆ ಹೋಗಿ ಬಿಟ್ಟು ಬರತೊಡಗಿದರು. ಮೊದಲು ಮುಂಜಾನೆ, ಆಮೇಲೆ ಸಂಜೆಯೂ. ದ್ರಾಕ್ಷಿಗೆ ಔಷಧ ಹೊಡೆದ ದಿನ ಅವರ ಅಂಗಿ ನಾನು ಮುಟ್ಟುವುದಿಲ್ಲವೆಂದು ತೋಟದ ಮೋಟಾರ್ ಶೆಡ್ಡಿನಲ್ಲೇ ಒಂದು ಜೊತೆ ಬಟ್ಟೆ ಇಟ್ಟರು. ದಾರಿಯಲ್ಲಿ ಯಾರಾದರೂ ಕೇಳಿದರೆ, “ಮನಿಯಾಕಿ ವ್ರತಾ ಹಿಡದಾಳ” ಅನ್ನುತ್ತಿದ್ದರು. ಊರು ಆ ಮಾತನ್ನು ನಂಬಿತು. ಶಾಲು ಬಂದದ್ದು ಹಾಗೆ.

ಒಂದು ಸಂಜೆ ತ್ರಿಶಲಾ ಫೋನ್ ಮಾಡಿದಳು. ಬಸುರಿ ಎಂದು ಹೇಳಿ ನಕ್ಕಳು.

“ಅವ್ವಾ, ಬಾಣಂತನಕ್ಕ ನಾ ಅಲ್ಲೇ ಬರ್ಲ್ಯಾ?”

ಮೊದಲ ಬಾಣಂತನ ತವರಿನದು. ಕೇಳುವ ಮಾತೇ ಅಲ್ಲ ಅದು. ಆದರೂ ಕೇಳಿದಳು. ಕೂಸಿಗೆ ಎರೆಯುವ ನೀರು ಕಾಯಿಸಬೇಕು. ನೀರು ಕಾಯಿಸಿದರೆ ಅದರೊಳಗಿನ ಜೀವ ಎಲ್ಲಿ ಹೋಗಬೇಕು ಎಂದು ನಾನು ಆಗಲೇ ಒಲೆ ಹಚ್ಚುವುದನ್ನು ಅತ್ತೆಗೆ ಬಿಟ್ಟಿದ್ದೆ. “ಬಾರವಾ, ಮತ್ತೆಲ್ಲಿ ಹೋಗ್ತಿ” ಅಂದೆ. ಫೋನ್ ಇಟ್ಟು ಮನೆಯವರಿಗೆ ಹೇಳಿದೆ: “ನನ್ನ ಎಲ್ಲೆರ ತೋರಸ್ರಿ. ಅಕಿ ಬರೂದ್ರಾಗ ನಾ ನೆಟ್ಟಗ ಆಗಬೇಕು.”

ಮೊದಲು ಮಿರಜಿಗೆ ಹೋದೆವು. ಡಾಕ್ಟರು ಕೆಟ್ಟವರಲ್ಲ. ಇದು ಗೀಳು ಕಾಯಿಲೆ, ಔಷಧ ಇದೆ ಎಂದರು. ಹೆಸರು ಸಿಕ್ಕಿತೆಂದು ಅಂದು ಎಷ್ಟೋ ದಿನದ ಮೇಲೆ ಉಸಿರು ಬಿಟ್ಟೆ. ಆಮೇಲೆ ಚೀಟಿ ಬರೆದರು. ರಾತ್ರಿ ಊಟದ ನಂತರ ಒಂದು ಗುಳಿಗೆ.

ನಮ್ಮ ಮನೆಯವರು ಕೈಕಟ್ಟಿ ನಿಂತು ಹೇಳಿದರು: “ಸಾಹೇಬ್ರ, ನಾವು ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ರಿ. ಇಕಿ ನೀರೂ ಮುಟ್ಟಂಗಿಲ್ಲ.”

“ಅದ ಬ್ಯಾನಿ ನೋಡ್ರಿ” ಎಂದರು ಡಾಕ್ಟರು. “ಧರ್ಮ ಸ್ವಲ್ಪ ದಿನ ಬಾಜೂಕ ಇಡಬೇಕು. ಇಲ್ಲಂದ್ರ ಗುಣಾ ಆಗಂಗಿಲ್ಲ.”

ರಾತ್ರಿ ಉಣ್ಣದಿರುವುದು ನನ್ನ ಆಯಿಯ ಆಯಿಯಿಂದ ಬಂದದ್ದು. ಅದರಲ್ಲಿ ನನಗೆ ಎಂದೂ ಹೆದರಿಕೆ ಇರಲಿಲ್ಲ, ನೆಮ್ಮದಿಯೇ ಇತ್ತು. ಅವರು ಅದನ್ನೂ ಸೋಸುವುದನ್ನೂ ಒಂದೇ ಗಂಟಿಗೆ ಕಟ್ಟಿದರು. ಮುಂದಿನ ಸಲ ಹೋದಾಗ ಮೇಜಿನ ಮೇಲೆ ನಳದ ನೀರಿನ ಗ್ಲಾಸು ಇಟ್ಟು, “ನನ್ನ ಮುಂದ ಕುಡೀರಿ” ಎಂದರು. ನಾನು ಆ ಗ್ಲಾಸನ್ನು ನೋಡುತ್ತಾ ಕುಳಿತೆ, ಮನೆಯವರು ನನ್ನನ್ನು ನೋಡುತ್ತಾ ಕುಳಿತರು. ಕೊನೆಗೆ ಎದ್ದು ಬಂದೆವು. ಹೆದರಿಕೆಯ ಎದುರು ಕೂರಿಸುವ ಆ ಚಿಕಿತ್ಸೆ ಸುಳ್ಳಲ್ಲ, ಮುಂದೆ ನಾನೂ ಅದನ್ನೇ ಮಾಡಿದೆ. ಆದರೆ ಅಂದು ಆ ಗ್ಲಾಸಿನಲ್ಲಿ ಅವರು ಇಟ್ಟಿದ್ದು ನನ್ನ ಇಡೀ ಕುಲವನ್ನು.

ನಮ್ಮ ಜೈನರ ಪೈಕಿಯೇ ಒಬ್ಬ ಡಾಕ್ಟರನ್ನು ನೋಡೋಣ ಎಂದು ಬೀಗರು ಹುಡುಕಿಕೊಟ್ಟರು. ಗಡಿ ಆಚೆಯ ಊರು. ಡಾಕ್ಟರ ಕೋಣೆಯಲ್ಲಿ ಬಾಹುಬಲಿಯ ಫೋಟೋ ಇತ್ತು. ಇವರಿಗೆ ಏನನ್ನೂ ಬಿಡಿಸಿ ಹೇಳಬೇಕಿಲ್ಲ ಎಂದು ನನಗೆ ಅಳು ಬಂತು. ಎಲ್ಲ ಹೇಳಿದೆ. ಇರುವೆ, ತಂಬಿಗೆ, ಹೊಳೆ. ಅವರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ನೆಟ್ಟಗಾದರು. ಕೊನೆಗೆ ಕೈ ಮುಗಿದರು.

“ಅಕ್ಕಾರ, ನಿಮ್ಮಂಥವರಿಂದ ಧರ್ಮ ಉಳದೈತ್ರಿ. ನಾನರ ಏನು, ದಿನಾ ರಾತ್ರಿ ಹೊರಗ ಉಣ್ಣಾವ. ನಿಮಗ ನಾ ಏನ್ ಹೇಳ್ಲಿ?”

ನಿದ್ದೆಗೆ ಏನೋ ಒಂದು ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ನಾನು ಮನಸ್ಸಿನ ಡಾಕ್ಟರ ಬಳಿ ಹೋಗಿದ್ದು ಬಸದಿಯ ಕಟ್ಟೆಯ ಮೇಲೆ ಸುದ್ದಿಯಾಗಿತ್ತು. ಒಬ್ಬರಿಗೆ ನನ್ನ ಧರ್ಮವೆಲ್ಲ ರೋಗವಾಗಿ ಕಂಡಿತ್ತು, ಇನ್ನೊಬ್ಬರಿಗೆ ರೋಗವೆಲ್ಲ ಧರ್ಮವಾಗಿ ಕಂಡಿತು. ನಡುವಿನ ಗೆರೆ ನನಗಂತೂ ಅಳಿಸಿಹೋಗಿತ್ತು. ಕಾಣುವವರು ಯಾರಾದರೂ ಬೇಕಿತ್ತು.

ಆ ದಿನಗಳಲ್ಲಿ ಸಾಯಬೇಕು ಅನಿಸಿದ್ದುಂಟು. ಸತ್ತರೆ ಈ ದೇಹದೊಳಗಿನ ಅಸಂಖ್ಯ ಜೀವಗಳ ಗತಿ ಏನು ಎಂದು ಅದಕ್ಕೂ ಹೆದರಿದೆ. ಈಗ ನೆನೆದರೆ ನಗು ಬರುತ್ತದೆ. ಆಗ ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಬೇಕಿತ್ತು. ಯಾರಿಗಾದರೂ ಹಾಗೆ ಅನಿಸಿದರೆ ಮೊದಲು ಹತ್ತಿರದವರಿಗೆ ಹೇಳಿರಿ, ಆಮೇಲೆ ಬೇಕಾದರೆ ನಾಚಿಕೊಳ್ಳಿರಿ.

ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿಸಿಕೊಂಡು ತ್ರಿಶಲಾ ತವರಿಗೆ ಬಂದಳು. ನಡು ಬೇಸಿಗೆ. ಬಸ್ಸಿನಿಂದ ಇಳಿದು ಮನೆಗೆ ಬಂದವಳು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, “ಅವ್ವಾ, ನೀರ ಕೊಡು” ಅಂದಳು.

ನಾನು ಒಳಗೆ ಹೋದೆ. ಸೋಸಿಟ್ಟ ನೀರಿತ್ತು. ಆದರೆ ಇದು ಬಸುರಿಗೆ ಕೊಡುವ ನೀರು, ಎರಡು ಜೀವಕ್ಕೆ. ಮತ್ತೆ ಸೋಸಿದೆ. ಅರಿವೆಯ ಅಂಚು ಕೊಡದೊಳಗೆ ಇಳಿದಂತೆ ಅನಿಸಿತು. ಚೆಲ್ಲುವಂತಿಲ್ಲ, ಚೆಲ್ಲಿದರೆ ಹಿಂಸೆ. ಇನ್ನೊಂದು ಕೊಡಕ್ಕೆ ಸೋಸಿದೆ. ಕೈ ಸರಿಯಾಗಿ ತೊಳೆದಿದ್ದೆನೇ?

“ಅವ್ವಾ,” ಎಂದು ಹೊರಗಿನಿಂದ ಕೂಗಿದಳು.

“ಬಂದೆ, ಬಂದೆನವಾ.”

ಅತ್ತೆಯವರು ಒಳಗೆ ಬಂದು, “ಕೊಡ ಇತ್ತಾಗ, ನಾ ಕೊಡ್ತೀನಿ” ಎಂದು ತಂಬಿಗೆಗೆ ಕೈ ಹಾಕಿದರು. ನಾನು ಕೊಡಲಿಲ್ಲ. ತಂಬಿಗೆ ಬಿಗಿಯಾಗಿ ಹಿಡಿದು ನಿಂತಿದ್ದೆ. ಹೊರಗೆ ಸೀರೆಯ ಸಪ್ಪಳವಾಯಿತು, ಚಪ್ಪಲಿಯ ಸಪ್ಪಳವಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನನ್ನ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬೀದಿ ದಾಟಿ ಎದುರುಮನೆಯ ಗಂಗವ್ವನ ಕಟ್ಟೆ ಹತ್ತಿದಳು. ಗಂಗವ್ವ ಚೆಂಬು ತಂದುಕೊಟ್ಟಳು. ಮಗಳು ಮುಖ ಮೇಲೆತ್ತಿ ಗಟಗಟನೆ ಕುಡಿದಳು, ಮತ್ತೊಂದು ಚೆಂಬು ಕೇಳಿದಳು. ಬಸುರಿ ಮಗಳು ತವರಿಗೆ ಬಂದು ನೀರಿಗೆ ಎದುರುಮನೆಗೆ ಹೋದದ್ದನ್ನು ಓಣಿಯೆಲ್ಲ ನೋಡಿತು.

ತಿರುಗಿ ಬಂದು ಆಕೆ ನನ್ನ ಕೈಯಿಂದ ತಂಬಿಗೆ ಮೆಲ್ಲಗೆ ಬಿಡಿಸಿ ಕೆಳಗಿಟ್ಟಳು. ನನ್ನ ಬೆರಳು ನೋಡಿದಳು.

“ಇದು ವ್ರತಾ ಅಲ್ಲ ಅವ್ವಾ. ವ್ರತಾ ಮಾಡಾವ್ರು ಇಷ್ಟ ಅಂಜಂಗಿಲ್ಲ.”

ಎರಡು ದಿನ ಇದ್ದಳು. ಮೂರನೆಯ ದಿನ ಅಳಿಯ ಬಂದು ಕರೆದುಕೊಂಡು ಹೋದ. ಹೊರಡುವಾಗ, “ಇಲ್ಲೇ ದವಾಖಾನಿ ದೂರ ಆಗ್ತೈತಿ, ಅದಕ್ಕ” ಎಂದು ಅತ್ತೆಗೆ ಹೇಳಿದಳು. ಸುಳ್ಳನ್ನು ಎಷ್ಟು ಚೆಂದ ಸೋಸಿ ಆಡಿದಳು ನನ್ನ ಮಗಳು.

ಚಿಕ್ಕೋಡಿಯ ಡಾಕ್ಟರನ್ನು ಹುಡುಕಿದವಳೂ ಅವಳೇ. ವಾರಕ್ಕೊಮ್ಮೆ ಬರುವ ಮನೋವೈದ್ಯೆ, ವಿಜಯಪುರದ ಕಡೆಯವರು, ಹೆಸರು ನಸೀಮಾ. ಹೆಸರು ಕೇಳಿ ಅತ್ತೆಯವರು ಊಟದ ತಟ್ಟೆ ಸರಿಸಿದರು. “ನಮ್ಮವ್ರಿಗೇ ತಿಳೀಲಾರದ್ದು ಅಕಿಗೇನ ತಿಳೀತೈತಿ?” ನಮ್ಮ ಮನೆಯವರು, “ತಿಳದವ್ರನ ಎಲ್ಲಾ ನೋಡಿ ಆತಲ್ಲ ಅವ್ವಾ” ಅಂದರು.

ಔಷಧದ ಅಂಗಡಿಯ ಮೇಲಿನ ಮಹಡಿ. ಬೋರ್ಡಿನ ಮೇಲೆ ತಲೆನೋವು, ನಿದ್ದೆಯ ತೊಂದರೆ ಎಂದಷ್ಟೇ ಬರೆದಿತ್ತು. ಬೆಂಚಿನ ಮೇಲೆ ಕುಳಿತವರೆಲ್ಲ ಸೆರಗನ್ನೋ ಟವೆಲ್ಲನ್ನೋ ಮುಖದ ಅರ್ಧಕ್ಕೆ ಎಳೆದುಕೊಂಡಿದ್ದರು. ಪಕ್ಕದಲ್ಲಿ ಕುಳಿತ ರಾಯಬಾಗದ ಅಜ್ಜ, “ನಿಮಗೂ ತಲಿಶೂಲೀನ ಏನ್ರೀ?” ಎಂದು ಕೇಳಿದ.

“ಹೌದ್ರಿ.”

“ನಮ್ಮಾಕಿಗೂ ತಲಿಶೂಲಿ” ಎಂದು ಹೆಂಡತಿಯ ಕಡೆ ತೋರಿಸಿದ. “ಸತ್ತ ಮಗನ ಜೋಡಿ ಮಾತಾಡತಾಳ. ಅಂಥಾ ತಲಿಶೂಲಿ.”

ಇಬ್ಬರೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಆ ಬೆಂಚಿನ ಮೇಲೆ. ಅಜ್ಜನ ಹೆಂಡತಿಯೂ ನಕ್ಕಳು, ಏಕೆಂದು ಆಕೆಗೆ ಗೊತ್ತಿರಲಿಲ್ಲ.

ನಸೀಮಾ ಮೇಡಂ ಮೊದಲ ದಿನ ನನಗೆ ಏನೂ ಬಿಡು ಎನ್ನಲಿಲ್ಲ. ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು: “ನಿಮ್ಮ ಆಯಿ ಸೋಸೂ ಮುಂದ ಅವರ ಮಾರಿ ಹೆಂಗ ಇರ್ತಿತ್ರಿ?”

“ಹರಟಿ ಹೊಡಕೋತ ಸೋಸಾಕೆ” ಅಂದೆ.

“ನಿಮ್ಮ ಮಾರಿ?”

ನಾನು ಸುಲಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

“ನೋಡ್ರಿ, ನನಗ ನಿಮ್ಮ ಧರ್ಮ ಗೊತ್ತಿಲ್ಲ. ಆದ್ರ ಇದು ಗೊತ್ತೈತಿ. ನಮ್ಮಾಗೂ ನಮಾಜಿನ ಮುಂಚೆ ಕೈಕಾಲು ತೊಳೀತಾರ್ರಿ. ಕೆಲವರಿಗೆ ಅದು ಮುಗಿಯೋದ ಇಲ್ಲ. ನಮ್ಮ ಚಿಕ್ಕಮ್ಮ ತೊಳಕೋತ ತೊಳಕೋತ ನಮಾಜಿನ ಹೊತ್ತ ಮೀರಸತಿದ್ಲು. ವಸ್ವಾಸ್ ಅಂತಾರ ಅದಕ್ಕ. ಅಕೀಗೂ ಜನ ದೊಡ್ಡ ಧರ್ಮಾತ್ಮಳು ಅಂದ್ರು.”

ಗುಳಿಗೆಯನ್ನು ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಹೊಂದಿಸಿದರು. ಕ್ಯಾಪ್ಸೂಲಿನ ಹೊರಗಿನ ಸಿಪ್ಪೆ ಪ್ರಾಣಿಯದು ಇರಬಹುದೆಂದು ನಾನು ಕೇಳುವ ಮುಂಚೆಯೇ ಗಟ್ಟಿ ಗುಳಿಗೆಯನ್ನೇ ಬರೆದರು. ಇಷ್ಟೇ. ಇಷ್ಟಕ್ಕೆ ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ನನ್ನ ಧರ್ಮ ಎಲ್ಲಿ ಮುಗಿದು ರೋಗ ಎಲ್ಲಿ ಶುರುವಾಗುತ್ತದೆ ಎಂದು ತಾವು ಹೇಳಿದರೆ ನಾನು ನಂಬುವುದಿಲ್ಲ, ನಾನು ನಂಬುವವರು ಯಾರಾದರೂ ಹೇಳಲಿ ಎಂದರು ಮೇಡಂ. ಹಾಗಾಗಿ ಮನೆಯವರು ನನ್ನನ್ನು ಹತ್ತಿರದ ಊರಿನಲ್ಲಿ ತಂಗಿದ್ದ ಆರ್ಯಿಕಾ ಮಾತಾಜಿಯವರ ಬಳಿ ಕರೆದುಕೊಂಡು ಹೋದರು. ಆರ್ಯಿಕೆ ಎಂದರೆ ದೀಕ್ಷೆ ತೆಗೆದುಕೊಂಡ ಸಾಧ್ವಿ. ಮಾತಾಜಿ ನನ್ನ ಕೈ ನೋಡಿದರು.

“ಕುಡಿಯೂ ಹೊತ್ತಿಗೆ ಒಮ್ಮೆ ಸೋಸು. ನೀ ಗೃಹಸ್ಥಿ. ಬೇಕಂತ ಕೊಲ್ಲಬಾರದು, ಅಷ್ಟ ನಿನ್ನ ವ್ರತಾ. ಮನ್ಯಾಗ ಒಲಿ ಉರಿಯೂದು, ಹೊಲದಾಗ ನೇಗಿಲ ನಡಿಯೂದು ನಿನಗ ತಪ್ಪಿದ್ದಲ್ಲ ಅಂತ ಶಾಸ್ತ್ರಕ್ಕೂ ಗೊತ್ತೈತಿ.”

“ಅರಿವಿ ಜಾಲಿಸಿದ ನೀರು, ಮಾತಾಜಿ?”

“ಹಿತ್ತಲದಾಗ ನೆಳ್ಳಿಗೆ ಬಿಡು.” ಆಮೇಲೆ ನಮ್ಮ ಮನೆಯವರ ಕಡೆ ನೋಡಿ ನಕ್ಕರು. “ತಂಬಗಿ ತಗೊಂಡು ದಿನಾ ಹೊಳಿಗೆ ಓಡಸ್ತೀಯಲ್ಲ, ಆ ಗಾಡಿ ಗಾಲಿ ಕೆಳಗ ಎಷ್ಟ ಜೀವ ಹೋಗ್ತಾವ, ಅದನ್ನ ವಿಚಾರ ಮಾಡೀಯೇನು?”

ಮನೆಯವರೂ ನಕ್ಕರು. ಹಗುರಾಗಲಿ ಎಂದು ಆಡಿದ ಮಾತು ಅದು, ಯಾರಾದರೂ ಆಡುವಂಥದ್ದು. ನಾನು ಮಾತ್ರ ನಗಲಿಲ್ಲ. ವಿಚಾರ ಮಾಡಿರಲಿಲ್ಲ. ಈಗ ಮಾಡಿದೆ.

ಅಂದಿನಿಂದ ಹೊಳೆಗೆ ತಂಬಿಗೆ ಹೋಗುವುದು ನಿಂತಿತು. ಮನೆಯವರಿಗೆ ಹಬ್ಬ. ಆದರೆ ಮರುವಾರ ಚಿಕ್ಕೋಡಿಗೆ ಹೊರಟಾಗ ಗಾಡಿಯ ಹಿಂದೆ ಕಾಲೆತ್ತಿ ಹಾಕಲು ನನ್ನಿಂದಾಗಲಿಲ್ಲ. ಬಸ್ಸಿಗೂ ಆಗಲಿಲ್ಲ. ಬಸ್ಸಿಗೆ ಗಾಲಿ ಇನ್ನೂ ದೊಡ್ಡವು. ಒಂದು ಹೆದರಿಕೆಗೆ ಮದ್ದು ತರಲು ಹೋಗಿ ಇನ್ನೊಂದನ್ನು ಕಟ್ಟಿಕೊಂಡು ಬಂದಿದ್ದೆ. ತ್ರಿಶಲಾಳ ದಿನ ತುಂಬುತ್ತಾ ಬಂದಿದ್ದವು, ನಿಪ್ಪಾಣಿ ನಡೆದು ಮುಟ್ಟುವ ಊರಲ್ಲ.

ಮೇಡಂ ಫೋನಿನಲ್ಲಿ ಎಲ್ಲ ಕೇಳಿದರು.

“ಇದು ನಂದ ತಪ್ಪ್ರಿ. ನಿಮ್ಮನ್ನ ಮಾತಾಜಿ ಕಡೆ ಹಂಗ ಬಿಟ್ಟ ಕಳಸಬಾರದಿತ್ತು. ನಾ ಮೊದಲ ಅವರ ಜೋಡಿ ಮಾತಾಡಬೇಕಿತ್ತು.”

“ಮತ್ತೊಮ್ಮೆ ಕೇಳ್ಕೊಂಡ ಬರ್ಲೇನ್ರಿ ಮಾತಾಜೀನ? ಗಾಡಿ ಹತ್ತಬಹುದಾ ಅಂತ?”

“ಬ್ಯಾಡ್ರಿ. ಒಮ್ಮೆ ಕೇಳಿದ್ರ ಅದು ಧರ್ಮದ ಪ್ರಶ್ನೆ. ಮತ್ತ ಮತ್ತ ಕೇಳಾಕತ್ತಿದ್ರ ಅದು ರೋಗ ಕೇಳಾಕತ್ತೈತಿ. ಅದಕ್ಕ ಉತ್ತರಾ ಕೊಟ್ಟಷ್ಟೂ ಹಸಿವು.”

ಅವರು ಹೇಳಿದಂತೆ ದಿನಾ ಮುಂಜಾನೆ ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಕೂರತೊಡಗಿದೆವು. ಮುಂದೆ ಮನೆಯವರು, ಹಿಂದೆ ನಾನು. ಇಂಜಿನ್ ಬಂದ್. ಹೆದರಿಕೆ ಏರಬೇಕು, ನಾನು ಇಳಿಯಬಾರದು, ತಾನಾಗಿ ಅದು ಇಳಿಯುವವರೆಗೆ. ಬೀದಿಯಲ್ಲಿ ಹೋಗುವವರು ಕೇಳುವರು: “ಎಲ್ಲಿಗ ಹೊಂಟೀರಿ ಜೋಡೀಲೆ?”

“ಎಲ್ಲೂ ಇಲ್ಲೋ ಮಾರಾಯಾ, ಸುಮ್ನ ಕುಂತೀವಿ” ಎಂದು ಮನೆಯವರು ಹ್ಯಾಂಡಲ್ ಹಿಡಿದುಕೊಂಡೇ ಹೇಳುವರು. ಒಬ್ಬಾತ, “ಪೆಟ್ರೋಲ್ ಉಳಸಾಕತ್ತಾರ” ಎಂದು ನಕ್ಕುಹೋದ. ಅವರ ಬೆನ್ನಿಗೆ ಹಣೆ ಹಚ್ಚಿ ಕೂರುತ್ತಿದ್ದೆ. ಮದುವೆಯಾದ ಹೊಸತರಲ್ಲೂ ಅಷ್ಟು ಹೊತ್ತು ಹಾಗೆ ಕುಳಿತಿರಲಿಲ್ಲ.

ಹಾಗೆ ಕುಳಿತಿದ್ದಾಗಲೇ ಫೋನ್ ಬಂತು. ಅಳಿಯ. ಗಂಡುಕೂಸು. ದಿನಕ್ಕಿಂತ ಮೊದಲೇ ನೋವು ಬಂದು ಹೆರಿಗೆಯಾಗಿತ್ತು. ತಾಯಿ ಮಗು ಇಬ್ಬರೂ ಸುಖ. ಹಿಂದಿನಿಂದ ಕೂಸಿನ ಅಳು ಕೇಳಿಸಿತು. “ಮಾಮಾ, ತ್ರಿಶಲಾ ಅವ್ವನ ಕೇಳಾಕತ್ತಾಳ” ಅಂದ.

ಮನೆಯವರು ಫೋನ್ ಕಿಸೆಗೆ ಹಾಕಿ, ಕೀಲಿ ತಿರುಗಿಸಿ, ತಿರುಗಿ ನನ್ನ ಮುಖ ನೋಡಿದರು.

“ಸುನಂದಾ, ಚಾಲೂ ಮಾಡ್ಲ್ಯಾ?”

ಕೆಳಗೆ ನೆಲ ನೋಡಿದೆ. ಗಾಲಿಯ ಪಕ್ಕದಲ್ಲಿ ಇರುವೆಗಳು ಸಾಲು ಹಿಡಿದು ಹೋಗುತ್ತಿದ್ದವು. ತಮ್ಮ ಪಾಡಿಗೆ ತಾವು.

“ಏನೂ ಆಗಂಗಿಲ್ಲ. ಕಣ್ಣ ಮುಚ್ಚಿ ಕುಂಡ್ರು. ನಾ ಬಾಜೂಕಿಂದ ಹೊಡೀತೀನಿ.”

ನಾನು ಇಳಿದೆ. ಇಳಿದು ಕಟ್ಟೆಯ ಮೇಲೆ ಕುಳಿತೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಗಾಡಿಯನ್ನು ಇಂಜಿನ್ ಹಚ್ಚದೆ ಬೀದಿಯವರೆಗೆ ಕೈಯಿಂದಲೇ ನೂಕಿಕೊಂಡು ಹೋದರು, ನನ್ನ ಇರುವೆ ಸಾಲನ್ನು ಬಳಸಿಕೊಂಡು. ತಿರುವಿನಾಚೆ ಹೋದ ಮೇಲೆ ಚಾಲೂ ಮಾಡಿದ ಸದ್ದು ಕೇಳಿಸಿತು.

ಬಾಣಂತನ ನಿಪ್ಪಾಣಿಯಲ್ಲೇ ಆಯಿತು. ಎರೆದವರು ಬೀಗತಿ. ಖಾರ ಕುಟ್ಟಿದವರು, ಅಂಟಿನುಂಡೆ ಕಟ್ಟಿದವರು, ಹೊಟ್ಟೆಗೆ ಬಟ್ಟೆ ಬಿಗಿದವರು, ಎಲ್ಲ ಅವರೇ. ನಾನು ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಕೂರುತ್ತಲೇ ಇದ್ದೆ. ಆಮೇಲೆ ಇಂಜಿನ್ ಹಚ್ಚಿ ಕುಳಿತೆ. ಆಮೇಲೆ ಬಸದಿಯ ತಿರುವಿನವರೆಗೆ. ನಾನು ನಿಪ್ಪಾಣಿ ಮುಟ್ಟುವ ಹೊತ್ತಿಗೆ ಮೊಮ್ಮಗನಿಗೆ ಕತ್ತು ನಿಂತಿತ್ತು. ನನ್ನನ್ನು ನೋಡಿ ಹೊಸಬಳೆಂದು ಅತ್ತ. ತ್ರಿಶಲಾ ಎದ್ದು ಬಂದು ನನ್ನ ಹೆಗಲಿಗೆ ಮುಖ ಹಚ್ಚಿದಳು. ನನ್ನ ಕೈ ಹಿಡಿದು ಬೆರಳ ಸಂದಿ ನೋಡಿದಳು, ಅಷ್ಟೇ.

ಮೊದಲ ಬಾಣಂತನ ಒಮ್ಮೆಯೇ ಬರುವುದು. ಅದನ್ನು ಯಾವ ಗುಳಿಗೆಯೂ ತಿರುಗಿ ತರುವುದಿಲ್ಲ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ನಸೀಮಾ ಮೇಡಂ ಮುಂದೆ ಚಿಕ್ಕೋಡಿಗೆ ಬರುವುದು ನಿಂತಿತು. ದೂರದ ಊರಿಗೆ ಹೋದರು. ಕೆಲವು ತಿಂಗಳು ಫೋನಿನಲ್ಲಿ ಮಾತಾಡಿದರು. ಹೋಗುವ ಮುಂಚೆ ಮಾತಾಜಿಯವರನ್ನು ತಾವೇ ಹೋಗಿ ಕಂಡು, ನನ್ನಂಥವರು ಬಂದರೆ ಹೇಗೆ ಮಾತಾಡಬೇಕು ಎಂದು ಇಬ್ಬರೂ ಕುಳಿತು ಮಾತಾಡಿದರಂತೆ. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ. ಈಗ ತೋರಿಸಿಕೊಳ್ಳುವ ಡಾಕ್ಟರಿಗೆ ಪ್ರತಿಸಲ ಮೊದಲಿನಿಂದ ಹೇಳಬೇಕು: ರಾತ್ರಿ ಉಣ್ಣದಿರುವುದು ನನ್ನದು, ಎರಡನೆಯ ಸಲ ಸೋಸುವುದು ರೋಗದ್ದು. ಅವರು ತಲೆಯಾಡಿಸುತ್ತಾರೆ. ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಶಾಲು ಪೆಟ್ಟಿಗೆಯಲ್ಲಿದೆ. ಗುಳಿಗೆ ನಡೆದಿದೆ. ಇರುವೆ ಹೋಗಿಲ್ಲ, ಹೋಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಕೆಲವು ದಿನ ನೀರನ್ನು ಒಮ್ಮೆ ಸೋಸಿ ಕೊಡವನ್ನು ಮುಚ್ಚಿ, ಅದರ ಕಡೆ ಬೆನ್ನು ಮಾಡಿ ಕುಳಿತುಕೊಳ್ಳುತ್ತೇನೆ. ಮೈಯೆಲ್ಲ ಬೆವರುತ್ತದೆ. ಕೆಲವು ದಿನ ಸೋಲುತ್ತೇನೆ. ಅಂಥ ದಿನ ಅತ್ತೆಯವರು ಹತ್ತಿರ ಬಂದು ಕುಳಿತು ಯಾರದೋ ಮನೆಯ ಸುದ್ದಿ ತೆಗೆಯುತ್ತಾರೆ. ಹರಟೆ ಹೊಡೆಯುತ್ತ ಸೋಸಬೇಕು ಎಂದು ಅವರಿಗೆ ಯಾರು ಹೇಳಿದರೋ.

ಮೊಮ್ಮಗ ಈಗ ನಡೆಯುತ್ತಾನೆ, ಮಾತಾಡುತ್ತಾನೆ. ತ್ರಿಶಲಾ ಅವನನ್ನು ಕರೆದುಕೊಂಡು ಬಂದಾಗಲೆಲ್ಲ ಆಕೆಯ ಚೀಲದಲ್ಲಿ ಮಡಚಿದ ಬಟ್ಟೆಗಳ ಕೆಳಗೆ ಒಂದು ನೀರಿನ ಬಾಟಲಿ ಇರುತ್ತದೆ. ನಿಪ್ಪಾಣಿಯಿಂದ ತುಂಬಿಕೊಂಡು ಬರುತ್ತಾಳೆ. ನನ್ನ ಮುಂದೆ ಹೊರಗೆ ತೆಗೆಯುವುದಿಲ್ಲ. ನಾನು ಬಾವಿಕಟ್ಟೆಯ ಕಡೆಯವಳು, ನೀರಿನ ಸಪ್ಪಳ ಚೀಲದೊಳಗಿದ್ದರೂ ಕೇಳಿಸುತ್ತದೆ. ಮೊದಮೊದಲು ತಿರುಗಿ ಹೋಗುವಾಗ ಆ ಸಪ್ಪಳ ಇರುತ್ತಿರಲಿಲ್ಲ.

ಹೋದ ಸಲ ಮೊಮ್ಮಗ ಓಡಿ ಬಂದು ನನ್ನ ಸೀರೆ ಹಿಡಿದು, “ಆಯಿ, ನೀರ” ಅಂದ. ಒಮ್ಮೆ ಸೋಸಿಟ್ಟಿದ್ದ ಕೊಡದಿಂದ ಸಣ್ಣ ಲೋಟ ತುಂಬಿ ಕೊಟ್ಟೆ. ಕೊಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿ ಗೋಡೆಗೆ ಆತು ನಿಂತೆ. ಅವನು ಅರ್ಧ ಕುಡಿದು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ತ್ರಿಶಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಂದೆ ಬಂದು ಲೋಟ ನನ್ನ ಕಡೆ ಚಾಚಿ, “ನನಗೂ” ಅಂದಳು. ಆಕೆಗೂ ಕೊಟ್ಟೆ.

ಸಂಜೆ ಬಸ್ಸಿಗೆ ಬಿಡಲು ಹೋದಾಗ ಆಕೆಯ ಚೀಲ ನಾನೇ ಹಿಡಿದಿದ್ದೆ. ಭಾರವಿತ್ತು. ಹೆಜ್ಜೆ ಹೆಜ್ಜೆಗೂ ಒಳಗೆ ನೀರು ತುಳುಕುತ್ತಿತ್ತು. ತಂದಷ್ಟೂ ಹಾಗೇ ಇತ್ತು.

ಇನ್ನೂ ಯಾಕೆ ತರುತ್ತೀ ಎಂದು ನಾನು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಬಸ್ಸು ಬಂತು, ಚೀಲ ಕೊಟ್ಟೆ.